ರೂತ್ ಕಟ್ಟಿದ ಮನೆ, ಕಂಪನಿ ಬರೆದ ಲೆಕ್ಕ

ಪ್ರಶ್ನೆ: ಹಳೆಯ ಅಮೆರಿಕನ್ ಹಾಡುಗಳನ್ನು ಹುಡುಕುತ್ತಿದ್ದಾಗ ರೂತ್ ಬ್ರೌನ್ ಅವರ 1953ರ ಹಾಡೊಂದು ಸಿಕ್ಕಿತು. ‘ಮಾಮಾ’ ಎಂದು ತಾಯಿಯನ್ನು ಕರೆಯುವಾಗಲೆಲ್ಲ ಅವರ ದನಿ ಕೊನೆಗೆ ಕೀರಲಾಗಿ ಒಡೆಯುತ್ತದೆ. ಇದು ಧ್ವನಿಮುದ್ರಣದ ದೋಷವೇ? ಅವರ ಬಗ್ಗೆ ಓದಿದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯನ್ನು ‘ರೂತ್ ಕಟ್ಟಿದ ಮನೆ’ ಎಂದು ಕರೆಯುತ್ತಿದ್ದರಂತೆ. ಅದೇ ರೂತ್ ಮುಂದೆ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರಂತೆ. ಎರಡೂ ನಿಜವೇ? ನಿಜವಾದರೆ ಹಣವೆಲ್ಲ ಎಲ್ಲಿ ಹೋಯಿತು? ಅವರನ್ನು ಎಲ್ಲಿಂದ ಕೇಳಲು ಆರಂಭಿಸಬೇಕು?

ಉತ್ತರ: ದನಿಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಅದು ದೋಷವಲ್ಲ, ರೂತ್ ಬ್ರೌನ್ ಅವರ ಅಂಕಿತವೇ ಅದು. ನೀವು ಕೇಳಿರುವುದು ‘ಮಾಮಾ, ಹಿ ಟ್ರೀಟ್ಸ್ ಯುವರ್ ಡಾಟರ್ ಮೀನ್’. ತನ್ನವನು ತನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳುತ್ತಾನೆಂದು ಹೆಣ್ಣೊಬ್ಬಳು ತಾಯಿಯ ಬಳಿ ದೂರುವ ಹಾಡು. ಎದೆಯಿಂದ ಹೊರಟ ತುಂಬು ದನಿ ಪದದ ಕೊನೆಯ ಅಕ್ಷರದಲ್ಲಿ ಹಿಡಿತ ತಪ್ಪಿದಂತೆ ಮೇಲಿನ ಸ್ಥಾಯಿಗೆ ಚಿಮ್ಮಿ, ಅಲ್ಲಿಯೇ ತುಂಡಾಗುತ್ತದೆ. ತಪ್ಪಿದಂತೆ ಎಂದೆ, ನಿಜವಾಗಿ ತಪ್ಪುವುದಿಲ್ಲ. ಇನ್ನೊಮ್ಮೆ ಕೇಳಿ ನೋಡಿ, ಆ ಚಿಮ್ಮು ತಾಳದ ಮೇಲೆ ಎಷ್ಟು ಕರಾರುವಾಕ್ಕಾಗಿ ಕೂರುತ್ತದೆ ಎಂದು. 1949ರಲ್ಲಿ ಅವರು ಮುದ್ರಿಸಿದ ‘ಸೋ ಲಾಂಗ್’ನಲ್ಲಿ ನಯವಾಗಿ, ನಿಧಾನವಾಗಿ ಹಾಡುವ ಬೇರೆಯದೇ ಗಾಯಕಿ ಇದ್ದಾರೆ. ಮರುವರ್ಷದ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಬರುವ ಹೊತ್ತಿಗೆ ಈ ಒಡಕು ದನಿ ಬಂದು ಸೇರಿದೆ, ಮತ್ತೆ ಬಿಟ್ಟು ಹೋಗಲಿಲ್ಲ. ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ತಮ್ಮ ಹಾಡಿನಲ್ಲಿ ‘ಲೂಸಿಲ್’ ಎಂಬ ಹೆಸರಿನ ಕೊನೆಗೆ ‘ಅಹ್’ ಎಂದು ಉಸಿರನ್ನು ಅಪ್ಪಳಿಸುತ್ತಾರಲ್ಲ, ಅದನ್ನು ರೂತ್ ಅವರ ‘ಮಾಮಾ’ದಿಂದ ಎತ್ತಿಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ರಾಕ್ ಅಂಡ್ ರೋಲ್‌ನ ಅರ್ಧ ಕಿರುಚಾಟಕ್ಕೆ ಮೂಲ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ತಮಾಷೆಯೆಂದರೆ, ರೂತ್ ಅವರಿಗೆ ‘ಮಾಮಾ’ ಹಾಡು ಮೊದಲಿಗೆ ಹಿಡಿಸಲೇ ಇಲ್ಲ. ಅವರ ಮನಸ್ಸಿದ್ದದ್ದು ನಿಧಾನಗತಿಯ ಪ್ರೇಮಗೀತೆಗಳಲ್ಲಿ. ಬಿಂಗ್ ಕ್ರಾಸ್ಬಿ, ಬಿಲಿ ಹಾಲಿಡೇ, ಸಾರಾ ವಾನ್ ಅವರನ್ನು ಕೇಳಿ ಬೆಳೆದ ಹುಡುಗಿ ಅವರು. ಕುಣಿಸುವ ಹಾಡುಗಳನ್ನು ಅವರ ಕೈಗೆ ಒತ್ತಾಯದಿಂದ ಇಟ್ಟದ್ದು ಕಂಪನಿ. ಈ ವಿಷಯದಲ್ಲಿ ಮಾತ್ರ ಕಂಪನಿಯ ಕಿವಿ ಗಾಯಕಿಯ ಆಸೆಗಿಂತ ಚುರುಕಾಗಿತ್ತು ಎಂದು ಒಪ್ಪಬೇಕು.

ರೂತ್ ಆಲ್‌ಸ್ಟನ್ ವೆಸ್ಟನ್ ಹುಟ್ಟಿದ್ದು 1928ರ ಜನವರಿ 12ರಂದು, ವರ್ಜೀನಿಯಾ ರಾಜ್ಯದ ಬಂದರು ಪಟ್ಟಣ ಪೋರ್ಟ್ಸ್‌ಮತ್‌ನಲ್ಲಿ. ಏಳು ಮಕ್ಕಳಲ್ಲಿ ಹಿರಿಯಳು. ತಂದೆ ವಾರವೆಲ್ಲ ಹಡಗುಕಟ್ಟೆಯಲ್ಲಿ ಕೂಲಿ ಮಾಡಿ ಚರ್ಚಿನ ಗಾಯನವೃಂದವನ್ನು ನಡೆಸುತ್ತಿದ್ದರು. ಬೇಸಿಗೆ ಬಂತೆಂದರೆ ನಾರ್ತ್ ಕೆರೊಲಿನಾದಲ್ಲಿದ್ದ ಅಜ್ಜಿಯ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ. ತಂದೆಯ ಪಾಲಿಗೆ ಬ್ಲೂಸ್, ಅಂದರೆ ಕರಿಯರ ಲೌಕಿಕ ಹಾಡುಗಳು, ಸೈತಾನನ ಸಂಗೀತ. ಮಗಳು ಕದ್ದು ಹೋಗಿ ಯುದ್ಧಕಾಲದ ಸೈನಿಕರ ಮನರಂಜನಾ ಕ್ಲಬ್ಬುಗಳಲ್ಲಿ ಹಾಡಿದಳು. ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಯನ್ನೂ ಗೆದ್ದಳು. 1945ರಲ್ಲಿ, ಹದಿನೇಳರ ಹರೆಯದಲ್ಲಿ, ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನೊಡನೆ ಮನೆ ಬಿಟ್ಟು ಹೊರಟಳು. ಆ ಸಂಬಂಧ ಉಳಿಯಲಿಲ್ಲ, ಹೆಸರು ಉಳಿಯಿತು.

ಮುಂದಿನದು ಲಕ್ಕಿ ಮಿಲಿಂಡರ್ ಅವರ ದೊಡ್ಡ ವಾದ್ಯವೃಂದ. ಒಂದು ತಿಂಗಳಷ್ಟೇ. ವಾದಕರಿಗೆ ಕುಡಿಯಲು ತಂಪು ಪಾನೀಯ ತಂದುಕೊಟ್ಟದ್ದಕ್ಕೆ ಸಿಟ್ಟಾದ ಮಿಲಿಂಡರ್, ನಿನಗೆ ಹಾಡಲೂ ಬರುವುದಿಲ್ಲವೆಂದು ಹೇಳಿ ವಾಷಿಂಗ್ಟನ್ ನಗರದಲ್ಲಿ ಬಿಡಿಗಾಸಿಲ್ಲದೆ ಇಳಿಸಿಬಿಟ್ಟರು. ಅಲ್ಲಿ ಕೈಹಿಡಿದವರು ಬ್ಲಾಂಚ್ ಕ್ಯಾಲೊವೇ. ಪ್ರಸಿದ್ಧ ಕ್ಯಾಬ್ ಕ್ಯಾಲೊವೇ ಅವರ ಅಕ್ಕ ಎಂದು ಪರಿಚಯಿಸುವುದು ವಾಡಿಕೆ, ಆದರೆ 1930ರ ದಶಕದಲ್ಲಿಯೇ ಗಂಡಸರ ವಾದ್ಯವೃಂದವೊಂದನ್ನು ಮುನ್ನಡೆಸಿದ ಹೆಣ್ಣುಮಗಳು ಆಕೆ. ತಾವು ನೋಡಿಕೊಳ್ಳುತ್ತಿದ್ದ ಕ್ರಿಸ್ಟಲ್ ಕ್ಯಾವರ್ನ್ಸ್ ಕ್ಲಬ್ಬಿನಲ್ಲಿ ರೂತ್ ಅವರಿಗೆ ಹಾಡುವ ಕೆಲಸ ಕೊಟ್ಟು, ಅವರ ವ್ಯವಸ್ಥಾಪಕಿಯೂ ಆದರು. ಅಲ್ಲಿ ಹಾಡು ಕೇಳಿದ ರೇಡಿಯೊ ನಿರೂಪಕ ವಿಲಿಸ್ ಕೊನೊವರ್ ನ್ಯೂಯಾರ್ಕಿನ ಹೊಸ ಕಂಪನಿಯೊಂದಕ್ಕೆ ಸುದ್ದಿ ಮುಟ್ಟಿಸಿದರು.

ಆ ಕಂಪನಿಯೇ ಅಟ್ಲಾಂಟಿಕ್. ಅಮೆರಿಕದಲ್ಲಿ ಟರ್ಕಿಯ ರಾಯಭಾರಿಯಾಗಿದ್ದವರ ಮಗ ಅಹ್ಮೆತ್ ಎರ್ತೆಗುನ್ ಮತ್ತು ಹರ್ಬ್ ಅಬ್ರಾಮ್‌ಸನ್ 1947ರಲ್ಲಿ ಅದನ್ನು ಆರಂಭಿಸಿದ್ದರು. ಬಂಡವಾಳ ದಂತವೈದ್ಯರೊಬ್ಬರು ಕೊಟ್ಟ 10,000 ಡಾಲರ್. 1948ರ ಅಕ್ಟೋಬರಿನಲ್ಲಿ ರೂತ್ ಹಾಡಲು ನ್ಯೂಯಾರ್ಕಿಗೆ ಹೊರಟ ಕಾರು ಪೆನ್ಸಿಲ್ವೇನಿಯಾದ ಚೆಸ್ಟರ್ ಬಳಿ ಅಪಘಾತಕ್ಕೆ ಸಿಕ್ಕಿತು. ಕಾಲುಗಳು ಮುರಿದು ತಿಂಗಳುಗಟ್ಟಲೆ ಆಸ್ಪತ್ರೆವಾಸ. 1949ರ ಜನವರಿ 12ರಂದು, ಇಪ್ಪತ್ತೊಂದು ತುಂಬಿದ ದಿನ, ಎರ್ತೆಗುನ್ ಆಸ್ಪತ್ರೆಗೇ ಬಂದು ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡರು. ಜೊತೆಗೆ ಉಡುಗೊರೆ: ಸ್ವರಲಿಪಿ ಓದಲು ಕಲಿಸುವ ಪುಸ್ತಕ, ಶ್ರುತಿ ಹಿಡಿಯಲು ಒಂದು ಪೀಪಿ, ಬರೆದುಕೊಳ್ಳಲು ಕಾಗದದ ದೊಡ್ಡ ಕಟ್ಟು. ಕಾಲು ಪೂರ್ತಿ ಕೂಡಿಕೊಳ್ಳುವ ಮೊದಲೇ, ಆ ಮೇ ತಿಂಗಳಲ್ಲಿ, ‘ಸೋ ಲಾಂಗ್’ ಮುದ್ರಣವಾಯಿತು. ಆ ಅಪಘಾತದ ನೋವು ಅವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ.

ಇದೇ ಸಮಯಕ್ಕೆ ಇನ್ನೊಂದು ಘಟನೆ. ಕರಿಯರ ಸಂಗೀತದ ಮಾರಾಟ ಪಟ್ಟಿಗೆ ‘ಬಿಲ್‌ಬೋರ್ಡ್’ ಪತ್ರಿಕೆ ಅಲ್ಲಿಯವರೆಗೆ ‘ರೇಸ್ ರೆಕಾರ್ಡ್ಸ್’, ಅಂದರೆ ಜನಾಂಗದ ಗಾನತಟ್ಟೆಗಳು, ಎಂಬ ತಲೆಬರಹ ಹಾಕುತ್ತಿತ್ತು. 1949ರ ಜೂನಿನಲ್ಲಿ ಅದು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಾಯಿತು. ಹೆಸರು ಸೂಚಿಸಿದ ಪತ್ರಕರ್ತ ಜೆರ್ರಿ ವೆಕ್ಸ್‌ಲರ್ ನಾಲ್ಕು ವರ್ಷಗಳ ನಂತರ ಅಟ್ಲಾಂಟಿಕ್ ಸೇರಿದರು. ಯುದ್ಧಾನಂತರ ದೊಡ್ಡ ವಾದ್ಯವೃಂದಗಳನ್ನು ಸಾಕುವುದು ದುಬಾರಿಯಾಗಿ, ಏಳೆಂಟು ಜನರ ಚಿಕ್ಕ ಮೇಳಗಳು ಬಂದಿದ್ದವು: ಮುಂದೆ ಒರಟು ಸ್ಯಾಕ್ಸೊಫೋನ್, ಹಿಂದೆ ಗಟ್ಟಿ ಡ್ರಮ್ಸ್, ನಡುವೆ ಚರ್ಚಿನಲ್ಲಿ ಪಳಗಿದ ಕಂಠ. ದಕ್ಷಿಣದ ಹೊಲಗಳಿಂದ ಉತ್ತರದ ಕಾರ್ಖಾನೆಗಳಿಗೆ ಬಂದ ಜನರ ಸಂಜೆಯ ಸಂಗೀತ ಅದು.

ಇಂಥ ಸಂಗೀತಕ್ಕೆ ರೂತ್ ಹೇಳಿ ಮಾಡಿಸಿದಂತಿದ್ದರು. ರೂಡಿ ಟೂಂಬ್ಸ್ ಬರೆದ ‘ಟಿಯರ್‌ಡ್ರಾಪ್ಸ್’ ಆ ಪಟ್ಟಿಯ ಮೊದಲ ಸ್ಥಾನದಲ್ಲಿ 11 ವಾರ ಕೂತಿತು. 1952ರಲ್ಲಿ ‘ಫೈವ್ ಟೆನ್ ಫಿಫ್ಟೀನ್ ಅವರ್ಸ್’, 1953ರಲ್ಲಿ ನೀವು ಕೇಳಿದ ಹಾಡು, 1954ರಲ್ಲಿ ‘ಓ ವಾಟ್ ಎ ಡ್ರೀಮ್’ ಮತ್ತು ‘ಮ್ಯಾಂಬೊ ಬೇಬಿ’ ಕೂಡ ಮೊದಲ ಸ್ಥಾನಕ್ಕೇರಿದವು. 1949ರಿಂದ 1955ರ ನಡುವೆ ಅವರ ಹಾಡುಗಳು ಪಟ್ಟಿಯಲ್ಲಿದ್ದ ಅವಧಿ ಕೂಡಿಸಿದರೆ 149 ವಾರ. ಗಾಯಕ ಫ್ರಾಂಕಿ ಲೇನ್ ‘ಮಿಸ್ ರಿದಮ್’ ಎಂಬ ಬಿರುದು ಕೊಟ್ಟರು. ‘ರೂತ್ ಕಟ್ಟಿದ ಮನೆ’ ಎಂಬ ಮಾತು ಬೇಸ್‌ಬಾಲ್ ಜಗತ್ತಿನಿಂದ ಬಂದದ್ದು. ಬೇಬ್ ರೂತ್ ಎಂಬ ಆಟಗಾರನ ಜನಪ್ರಿಯತೆಯ ಬಲದಿಂದ ಎದ್ದ ಯಾಂಕೀ ಕ್ರೀಡಾಂಗಣಕ್ಕೆ ಆ ಹೆಸರಿತ್ತು; ಅಟ್ಲಾಂಟಿಕ್‌ಗೂ ಅದನ್ನೇ ಅಂಟಿಸಿದರು. ಅತಿಶಯೋಕ್ತಿಯೇ? ಸ್ವಲ್ಪ ಮಟ್ಟಿಗೆ ಹೌದು. ಕಂಪನಿಯ ಮೊದಲ ದೊಡ್ಡ ಯಶಸ್ಸು 1949ರಲ್ಲಿ ಸ್ಟಿಕ್ ಮೆಗೀ ಎಂಬ ಗಾಯಕರದು. ಬಿಗ್ ಜೋ ಟರ್ನರ್, ಕ್ಲೈಡ್ ಮೆಕ್‌ಫ್ಯಾಟರ್, ರೇ ಚಾರ್ಲ್ಸ್ ಬಂದ ಮೇಲೆ ಮನೆಗೆ ಮಹಡಿಗಳೆದ್ದವು. ಆದರೆ ಮೊದಲ ಐದಾರು ವರ್ಷ, ಕಂಪನಿ ಉಳಿಯುವುದೋ ಮುಚ್ಚುವುದೋ ಎಂಬ ಕಾಲದಲ್ಲಿ, ಬಿಡದೆ ಮಾರಾಟವಾದದ್ದು ರೂತ್ ಅವರ ತಟ್ಟೆಗಳು. ಅಡಿಪಾಯ ಅವರದು ಎಂದರೆ ಯಾರೂ ತಕರಾರು ಮಾಡಲಾರರು.

ಆ ಹಣ ಎಲ್ಲಿ ಹೋಯಿತು ಎಂಬುದು ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು. ‘ಬಿಳಿಯರ ಕಂಪನಿ ಮೋಸ ಮಾಡಿತು’ ಎಂದು ಒಂದೇ ವಾಕ್ಯದಲ್ಲಿ ಮುಗಿಸುವ ಬರಹಗಳು ಬೇಕಾದಷ್ಟಿವೆ. ಸಿಟ್ಟು ನ್ಯಾಯವಾದದ್ದೇ, ಆದರೆ ವಿವರಣೆ ಸಾಲದು. ಹೆಚ್ಚಿನದೆಲ್ಲ ನಡೆದದ್ದು ಸಹಿ ಹಾಕಿದ ಕಾಗದದ ಪ್ರಕಾರ, ಹಾಡಹಗಲಿನಲ್ಲಿ.

ಅಂದಿನ ಒಪ್ಪಂದದ ರೀತಿ ಹೀಗಿತ್ತು. ಹಾಡೊಂದಕ್ಕೆ ಗಾಯಕಿಗೆ ಒಂದು ಸಣ್ಣ ಮೊತ್ತ ಮುಂಗಡ. ಆಮೇಲೆ ಮಾರಾಟದಲ್ಲಿ ನೂರಕ್ಕೆ ಕೆಲವೇ ಪಾಲು ರಾಯಧನ. ಆದರೆ ಸ್ಟುಡಿಯೊ ಬಾಡಿಗೆ, ವಾದಕರ ಕೂಲಿ, ಸಂಯೋಜಕರ ಸಂಭಾವನೆ ಎಲ್ಲವೂ ಗಾಯಕಿಯ ಖಾತೆಗೆ ಖರ್ಚು. ಕಂಪನಿಯ ಪಾಲಿನ ಲಾಭದಿಂದ ಅದನ್ನು ಕಳೆಯುವುದಿಲ್ಲ. ಗಾಯಕಿಯ ಆ ಪುಟ್ಟ ಪಾಲಿನಿಂದಲೇ ತೀರಬೇಕು. ಅದು ತೀರುವ ಮೊದಲೇ ಮುಂದಿನ ಹಾಡಿನ ಮುದ್ರಣ, ಮತ್ತೆ ಹೊಸ ಖರ್ಚು. ಲೆಕ್ಕದ ಪುಸ್ತಕ ಬರೆಯುವವರು ಕಂಪನಿಯವರು, ಕೂಡಿ ಕಳೆಯುವವರೂ ಅವರೇ. ನಮ್ಮಲ್ಲಿ ಜೀತದ ಸಾಲ ಹೇಗೆ ತೀರದೆ ಬೆಳೆಯುತ್ತಿತ್ತೋ ಹಾಗೆ, ಹಾಡು ಮೊದಲ ಸ್ಥಾನದಲ್ಲಿದ್ದರೂ ಹಾಡಿದವರು ಸಾಲಗಾರರಾಗಿಯೇ ಇರಬಹುದಿತ್ತು. ಉಳಿದ ಅನೇಕ ಕಂಪನಿಗಳಿಗೆ ಹೋಲಿಸಿದರೆ ಅಟ್ಲಾಂಟಿಕ್ ಮೇಲು ಎಂದು ಹಲವರು ಹೇಳುತ್ತಾರೆ. ನಿಜವಿರಬಹುದು. ಆದರೆ ಮೇಲಾದದ್ದೇ ಹೀಗಿದ್ದರೆ ಉಳಿದವರ ಪಾಡೇನು ಎಂಬ ಪ್ರಶ್ನೆ ಆ ಮಾತಿನ ಬೆನ್ನಿಗೇ ಏಳುತ್ತದೆ.

ಇದರ ಮೇಲೆ ಕಾನೂನಿನ ಎರಡು ತೂತುಗಳು. ಅಮೆರಿಕದಲ್ಲಿ ಸಾಮಾನ್ಯ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ ಹಣ ಸಲ್ಲುತ್ತದೆ, ಹಾಡಿದವರಿಗೆ ಇಲ್ಲ. ಇವತ್ತಿಗೂ ಹಾಗೆಯೇ. ರೂತ್ ತಮ್ಮ ದೊಡ್ಡ ಹಾಡುಗಳನ್ನು ಬರೆದವರಲ್ಲ, ಹಾಡಿದವರು. ಎರಡನೆಯದು, 1972ರ ಫೆಬ್ರವರಿಗೆ ಮುಂಚಿನ ಧ್ವನಿಮುದ್ರಣಗಳಿಗೆ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಕೃತಿಸ್ವಾಮ್ಯವೇ ಇರಲಿಲ್ಲ. ಅಂತರಜಾಲದ ಪ್ರಸಾರದಿಂದಾದರೂ ಹಳಬರಿಗೆ ಪಾಲು ಸಿಗಲಿ ಎಂಬ ತಿದ್ದುಪಡಿ ಬಂದದ್ದು 2018ರಲ್ಲಿ. ಅಷ್ಟರಲ್ಲಿ ಆ ಪೀಳಿಗೆಯ ಬಹುಪಾಲು ಜನ ತೀರಿಕೊಂಡಿದ್ದರು, ರೂತ್ ಕೂಡ.

ಹಾಡುಗಳು ಬಿಳಿಯರ ಮಾರುಕಟ್ಟೆ ದಾಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ‘ಓ ವಾಟ್ ಎ ಡ್ರೀಮ್’ ಹಾಡನ್ನು ಬಿಳಿಯ ಗಾಯಕಿ ಪ್ಯಾಟಿ ಪೇಜ್, ‘ಮ್ಯಾಂಬೊ ಬೇಬಿ’ಯನ್ನು ಇನ್ನೊಬ್ಬ ಬಿಳಿಯ ಗಾಯಕಿ ಜಾರ್ಜಿಯಾ ಗಿಬ್ಸ್ ಮತ್ತೆ ಹಾಡಿದರು, ಬಿಳಿಯರ ರೇಡಿಯೊ ಕೇಂದ್ರಗಳ ಬಾಗಿಲು ತೆರೆದದ್ದು ಅವರಿಗೆ. ‘ಮಾಮಾ’ ಸಾಮಾನ್ಯ ಜನಪ್ರಿಯ ಪಟ್ಟಿಯಲ್ಲಿ 23ನೆಯ ಸ್ಥಾನದವರೆಗೆ ಬಂತು. 1957ರ ‘ಲಕ್ಕಿ ಲಿಪ್ಸ್’ 25ಕ್ಕೆ. ಅದರಾಚೆಗೆ ಹೆಚ್ಚೇನೂ ಇಲ್ಲ. ಹೀಗಾಗಿ ನಿಜವಾದ ಸಂಪಾದನೆ ಊರೂರು ತಿರುಗಿ ಹಾಡುವುದರಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಆ ತಿರುಗಾಟ ಎಂದರೆ ಕರಿಯ ಕಲಾವಿದರಿಗೆ ಊಟಕ್ಕೆ ಹೋಟೆಲಿಲ್ಲ, ಮಲಗಲು ಕೋಣೆಯಿಲ್ಲ. ಕೆಲವು ಸಭಾಂಗಣಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸಲು ನಡುವೆ ಹಗ್ಗ ಕಟ್ಟುತ್ತಿದ್ದರು. ಹಾಡಿಗೆ ಎರಡೂ ಬದಿಯವರು ಕುಣಿಯುತ್ತಿದ್ದರು.

1960ರ ದಶಕ ಬಂತು, ಅಭಿರುಚಿ ಬದಲಾಯಿತು, ಅಟ್ಲಾಂಟಿಕ್ ಜೊತೆಗಿನ ನಂಟು ಮುಗಿಯಿತು. ರೂತ್ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಮನೆಗೆಲಸ ಮಾಡಿದರು, ಶಾಲಾ ಬಸ್ ಓಡಿಸಿದರು, ಶಿಕ್ಷಕರಿಗೆ ಸಹಾಯಕಿಯಾದರು. ಹೌದು, ನೀವು ಓದಿದ್ದು ನಿಜ. ಆದರೆ ಇದನ್ನು ‘ಉರಿದು ಬಿದ್ದ ನಕ್ಷತ್ರ’ದ ಕಥೆಯಾಗಿ ಹೇಳುವವರ ಮೇಲೆ ನನಗೆ ಅಸಮಾಧಾನವಿದೆ. ಕಂಠ ಕೆಟ್ಟಿರಲಿಲ್ಲ, ಕುಡಿತಕ್ಕೆ ಬಿದ್ದಿರಲಿಲ್ಲ. ಮಕ್ಕಳ ಶಾಲೆಯ ವೇಳೆಗೆ ಹೊಂದುವ ಕೆಲಸ ಹಿಡಿದ ತಾಯಿ ಅವರು. ಅದೇ ದಶಕದಲ್ಲಿ, 1967ರಲ್ಲಿ, ಅಟ್ಲಾಂಟಿಕ್ ಅನ್ನು ಒಂದು ಕೋಟಿ 75 ಲಕ್ಷ ಡಾಲರಿಗೆ ಮಾರಲಾಯಿತು. ಅವರ ಹಳೆಯ ಹಾಡುಗಳ ಸಂಕಲನಗಳು ದೇಶವಿದೇಶಗಳಲ್ಲಿ ಹೊರಬರುತ್ತಿದ್ದವು. ಅವರಿಗೆ ಬರುತ್ತಿದ್ದದ್ದು ಏನೂ ಇಲ್ಲ.

ಮರಳಿ ವೇದಿಕೆಗೆ ಕರೆದವರು ಹಾಸ್ಯನಟ ರೆಡ್ ಫಾಕ್ಸ್. 1970ರ ದಶಕದ ನಡುವಿನಲ್ಲಿ ಲಾಸ್ ಏಂಜಲೀಸ್‌ಗೆ ಬರಮಾಡಿಕೊಂಡು, ನಾಗರಿಕ ಹಕ್ಕುಗಳ ಹೋರಾಟದ ಬಗೆಗಿನ ‘ಸೆಲ್ಮಾ’ ಸಂಗೀತ ನಾಟಕದಲ್ಲಿ ಭಕ್ತಿಗೀತೆಗಳ ಗಾಯಕಿ ಮಹಾಲಿಯಾ ಜಾಕ್ಸನ್ ಅವರ ಪಾತ್ರ ಕೊಡಿಸಿದರು. ಅಲ್ಲಿಂದ ದೂರದರ್ಶನ, ರಂಗಭೂಮಿ, ನಂತರ ರೇಡಿಯೊ ನಿರೂಪಣೆ.

ಲೆಕ್ಕದ ಪುಸ್ತಕ ತೆರೆಸಿದ್ದು 1983ರಲ್ಲಿ ಆದ ಒಂದು ಪರಿಚಯ. ಹೋವೆಲ್ ಬೆಗಲ್ ಎಂಬ ವಾಷಿಂಗ್ಟನ್ನಿನ ವಕೀಲರು ಬಾಲ್ಯದಿಂದ ರೂತ್ ಅವರ ಅಭಿಮಾನಿ. ಹಳೆಯ ತಟ್ಟೆಯೊಂದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದವರಿಗೆ, ಅದರಿಂದ ತನಗೆ ಕವಡೆ ಕಾಸೂ ಬರುತ್ತಿಲ್ಲ ಎಂಬ ಸಂಗತಿ ಗಾಯಕಿಯ ಬಾಯಿಂದಲೇ ತಿಳಿಯಿತು. ಅವರು ಶುಲ್ಕ ಕೇಳದೆ ಪ್ರಕರಣ ಕೈಗೆತ್ತಿಕೊಂಡರು. ಆದರೆ ಮೂವತ್ತು ವರ್ಷ ಹಳೆಯ ಬಾಕಿಗೆ ದಾವೆ ಹೂಡಲು ಕಾಲಮಿತಿ ಅಡ್ಡ. ಹಾಗಾಗಿ ಹೋರಾಟ ನ್ಯಾಯಾಲಯಕ್ಕಿಂತ ಹೆಚ್ಚಾಗಿ ಹೊರಗೆ ನಡೆಯಿತು: ಸಂಘಟಿತ ವಂಚನೆಯ ವಿರುದ್ಧದ ಕಾನೂನಿನ ಕುರಿತ ಸಂಸತ್ತಿನ ವಿಚಾರಣೆಯಲ್ಲಿ ರೂತ್ ಅವರ ಹೇಳಿಕೆ, ಟೆಲಿವಿಷನ್ ವರದಿಗಳು, ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜಾಕ್ಸನ್ ಅವರ ಸಂಘಟನೆಯ ಒತ್ತಡ. ಬಿಗ್ ಜೋ ಟರ್ನರ್, ಕ್ಲೋವರ್ಸ್ ತಂಡದವರಂಥ ಇತರ ಹಳಬರ ಖಾತೆಗಳೂ ಬೆಳಕಿಗೆ ಬಂದವು.

1988ರಲ್ಲಿ, ನಲವತ್ತನೆಯ ವರ್ಷದ ಸಂಭ್ರಮಕ್ಕೆ ಅಣಿಯಾಗುತ್ತಿದ್ದ ಅಟ್ಲಾಂಟಿಕ್ ಮಣಿಯಿತು. ರೂತ್ ಮತ್ತು ಇತರ ಹಲವು ಕಲಾವಿದರ ಹೆಸರಿನಲ್ಲಿ ತೋರಿಸಿದ್ದ ಸಾಲವನ್ನು ಅಳಿಸಿತು, ಹಿಂದಿನ ಇಪ್ಪತ್ತು ವರ್ಷಗಳ ರಾಯಧನ ಕೊಡಲು ಒಪ್ಪಿತು. ಹತ್ತು ಲಕ್ಷ ಡಾಲರಿಗೂ ಮೀರಿದ ಮೊತ್ತವನ್ನು ‘ರಿದಮ್ ಅಂಡ್ ಬ್ಲೂಸ್ ಫೌಂಡೇಷನ್’ ಎಂಬ ಹೊಸ ಸಂಸ್ಥೆಗೆ ನೀಡಿತು. ಮರುವರ್ಷದಿಂದಲೇ ಆ ಸಂಸ್ಥೆ ಹಳೆಯ ಕಲಾವಿದರಿಗೆ ನಗದು ಸಹಿತ ಪ್ರಶಸ್ತಿ ಕೊಡತೊಡಗಿತು. ಆಸ್ಪತ್ರೆಯ ಬಿಲ್ಲಿಗೂ ಅಂತ್ಯಕ್ರಿಯೆಯ ಖರ್ಚಿಗೂ ನೆರವಾಯಿತು. ರೂತ್ ಅವರ ಜೀವನದಲ್ಲಿ ನಾನು ಹೆಚ್ಚು ತೂಕ ಕೊಡುವುದು ಮೊದಲ ಸ್ಥಾನದ ಐದು ಹಾಡುಗಳಿಗಲ್ಲ, ಈ ಐದು ವರ್ಷಗಳ ಹಟಕ್ಕೆ. ತನ್ನ ಬಾಕಿ ಪಡೆದು ಸುಮ್ಮನಾಗುವ ದಾರಿ ಅವರಿಗಿತ್ತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1988ರಲ್ಲಿ ಜಾನ್ ವಾಟರ್ಸ್ ಅವರ ‘ಹೇರ್‌ಸ್ಪ್ರೇ’ ಚಿತ್ರದಲ್ಲಿ ಮೋಟರ್‌ಮೌತ್ ಮೇಬೆಲ್ ಪಾತ್ರ. 1989ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ‘ಬ್ಲ್ಯಾಕ್ ಅಂಡ್ ಬ್ಲೂ’ ಪ್ರದರ್ಶನಕ್ಕೆ ಟೋನಿ ಪ್ರಶಸ್ತಿ, ಮರುವರ್ಷ ‘ಬ್ಲೂಸ್ ಆನ್ ಬ್ರಾಡ್‌ವೇ’ಗೆ ಗ್ರ್ಯಾಮಿ. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. 1996ರಲ್ಲಿ ಆತ್ಮಕಥೆ. 2006ರ ನವೆಂಬರ್ 17ರಂದು ನೆವಾಡಾದಲ್ಲಿ ನಿಧನ, ವಯಸ್ಸು 78. ರ‍್ಯಾಪ್ ಕೇಳುವವರಿಗೆ ಒಂದು ಹೆಚ್ಚುವರಿ ಸಂಗತಿ: ರ‍್ಯಾಪ್ ಗಾಯಕ ರಕೀಮ್‌ಗೆ ಇವರು ಸಂಬಂಧದಲ್ಲಿ ಅತ್ತೆ ಅಥವಾ ಚಿಕ್ಕಮ್ಮನ ಸಾಲಿನವರು.

ಇನ್ನು ಕೇಳುವ ಕ್ರಮ. ಅಟ್ಲಾಂಟಿಕ್ 1989ರಲ್ಲಿ ಹೊರತಂದ ‘ಮಿಸ್ ರಿದಮ್’ ಎಂಬ ಎರಡು ಸಿ.ಡಿ.ಗಳ ಸಂಕಲನ ಸಿಕ್ಕರೆ 1950ರ ದಶಕಕ್ಕೆ ಅದು ಸಾಕು. ‘ಸೋ ಲಾಂಗ್’ ಕೇಳಿದ ತಕ್ಷಣ ‘ಟಿಯರ್‌ಡ್ರಾಪ್ಸ್’ ಕೇಳಿ, ಒಂದೂವರೆ ವರ್ಷದಲ್ಲಿ ದನಿ ಎಷ್ಟು ದೂರ ಬಂತೆಂದು ಗೊತ್ತಾಗುತ್ತದೆ. ಅದೇ ‘ಸೋ ಲಾಂಗ್’ ಅನ್ನು ಅವರಿಗೂ ಮೊದಲು ಹಾಡಿದ್ದ ಲಿಟಲ್ ಮಿಸ್ ಕಾರ್ನ್‌ಷಕ್ಸ್ ಅವರನ್ನು ಹುಡುಕಿ ಕೇಳಿದರೆ, ರೂತ್ ಯಾರಿಗೆ ಋಣಿ ಎಂಬುದೂ ತಿಳಿಯುತ್ತದೆ. ಆಮೇಲೆ ನೇರವಾಗಿ 1968ಕ್ಕೆ ಜಿಗಿಯಿರಿ: ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಅವರ ದೊಡ್ಡ ಜಾಝ್ ವಾದ್ಯವೃಂದದೊಡನೆ ಮಾಡಿದ ಆಲ್ಬಂ. ಹೆಚ್ಚಿನ ಪಟ್ಟಿಗಳಲ್ಲಿ ಇದಕ್ಕೆ ಜಾಗವಿಲ್ಲ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಗಾಯನ ಇಲ್ಲಿದೆ. ಹುಡುಗಿಯಾಗಿದ್ದಾಗ ಹಾಡಬೇಕೆಂದುಕೊಂಡಿದ್ದ ಬಗೆಯ ಸಂಗೀತವನ್ನು ನಲವತ್ತರ ಪ್ರಾಯದಲ್ಲಿ, ಅನುಭವದಿಂದ ದಪ್ಪಗಾದ ದನಿಯಲ್ಲಿ ಹಾಡಿದ್ದಾರೆ. ಕೊನೆಯದಾಗಿ 1999ರ ‘ಎ ಗುಡ್ ಡೇ ಫಾರ್ ದ ಬ್ಲೂಸ್’. ಎಪ್ಪತ್ತು ದಾಟಿದ ಕಂಠ, ಮಾತಿಗೂ ಹಾಡಿಗೂ ನಡುವೆ ಗೆರೆಯಿಲ್ಲ. ಮೊದಲ ಸಲ ಕೇಳುವಾಗ ಹಾಡುಗಳ ಕ್ರಮ ಬದಲಿಸಬೇಡಿ.